ಅರ್ಧ ವಾಕ್ಯದ ಬೆನ್ನು ಹತ್ತಿ ಆರು ದಿನ

ಮೊದಲ ದಿನ: ಫ್ರಾಂಕ್‌ಫರ್ಟ್

ಇಪ್ಪತ್ತೊಂಬತ್ತು ವರ್ಷ ಧಾರವಾಡ ಸೀಮೆಯ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ‘ಜರ್ಮನಿಯ ಏಕೀಕರಣ’ ಬಂತೆಂದರೆ ಕರಿಹಲಗೆಯ ಮೇಲೆ ಮೊದಲು ಬಿಸ್ಮಾರ್ಕ್‌ನ ಹೆಸರು, ಕೆಳಗೆ ‘ರಕ್ತ ಮತ್ತು ಕಬ್ಬಿಣದ ನೀತಿ’, ಅದರ ಕೆಳಗೆ ಮೂರು ಯುದ್ಧ: 1864ರಲ್ಲಿ ಡೆನ್ಮಾರ್ಕ್, 1866ರಲ್ಲಿ ಆಸ್ಟ್ರಿಯಾ, 1870ರಲ್ಲಿ ಫ್ರಾನ್ಸ್. 1871ರ ಜನವರಿ 18ರಂದು ವರ್ಸೇಲ್ಸ್ ಅರಮನೆಯಲ್ಲಿ ಸಾಮ್ರಾಜ್ಯದ ಘೋಷಣೆ. ಅಲ್ಲಿಗೆ ಪಾಠ ಮುಗಿಯುತ್ತಿತ್ತು. 1848ಕ್ಕೆ ನಾನು ಕೊಡುತ್ತಿದ್ದದ್ದು ಒಂದೇ ಸಾಲು: ‘ಫ್ರಾಂಕ್‌ಫರ್ಟ್ ಸಂಸತ್ತಿನ ಪ್ರಯತ್ನ ವಿಫಲವಾಯಿತು.’

ನಿವೃತ್ತಿಯಾದ ಮೇಲೆ ಬಿಸ್ಮಾರ್ಕ್‌ನ ಆ ಮಾತನ್ನು ಪೂರ್ತಿ ಓದಿದೆ. ಆಗಿನ ಜರ್ಮನ್ ಸಂಸ್ಥಾನಗಳಲ್ಲಿ ಒಂದಾದ ಪ್ರಷ್ಯದ ಪ್ರಧಾನಿಯಾಗಿ, 1862ರ ಸೆಪ್ಟೆಂಬರ್ 30ರಂದು ಅಲ್ಲಿನ ಶಾಸನಸಭೆಯ ಬಜೆಟ್ ಸಮಿತಿಯ ಮುಂದೆ ಆತ ಹೇಳಿದ್ದು ಹೀಗೆ: ಈ ಕಾಲದ ದೊಡ್ಡ ಪ್ರಶ್ನೆಗಳು ಭಾಷಣಗಳಿಂದಲೂ ಬಹುಮತದ ನಿರ್ಣಯಗಳಿಂದಲೂ ತೀರ್ಮಾನವಾಗುವುದಿಲ್ಲ, 1848 ಮತ್ತು 1849ರ ದೊಡ್ಡ ತಪ್ಪು ಅದೇ ಆಗಿತ್ತು, ಅವು ತೀರ್ಮಾನವಾಗುವುದು ಕಬ್ಬಿಣ ಮತ್ತು ರಕ್ತದಿಂದ. ಅಷ್ಟು ವರ್ಷ ನಾನು ಕಲಿಸಿದ್ದು ಈ ವಾಕ್ಯದ ಉತ್ತರಾರ್ಧವನ್ನು. ಪೂರ್ವಾರ್ಧದಲ್ಲಿ ಆತ ‘ತಪ್ಪು’ ಎಂದದ್ದು ಯಾರನ್ನು? ಅವರು ಎಲ್ಲಿ ಕೂತಿದ್ದರು, ಏನು ಮಾತಾಡಿದರು, ಅವರ ಗತಿ ಏನಾಯಿತು? ಮಗಳು ಫ್ರಾಂಕ್‌ಫರ್ಟಿಗೆ ಕರೆಸಿಕೊಂಡಾಗ ಅವಳ ಮುಂದೆ ನಾನಿಟ್ಟ ಪಟ್ಟಿಯಲ್ಲಿ ಆಲ್ಪ್ಸ್ ಇರಲಿಲ್ಲ, ಪ್ಯಾರಿಸ್ಸೂ ಇರಲಿಲ್ಲ.

“ಎಲ್ಲಾರೂ ಸ್ವಿಟ್ಜರ್ಲೆಂಡ್ ಅಂತಾರ, ನೀ ನೋಡಿದ್ರ ಚರ್ಚ್, ಕೋಟಿ, ಸ್ಮಶಾನ ಅಂತೀಯಲ್ಲಬೇ” ಎಂದಳು. ಆದರೂ ರಜೆ ಹಾಕಿ ಜೊತೆಗೆ ಹೊರಟಳು.

ಸೇಂಟ್ ಪಾಲ್ಸ್ ಚರ್ಚು, ಇಲ್ಲಿಯವರ ಬಾಯಲ್ಲಿ ‘ಪೌಲ್ಸ್‌ಕಿರ್ಖೆ’, ಹಳೆಯ ಪುರಭವನದಿಂದ ಕೂಗಳತೆಯ ದೂರ. ಕೆಂಪು ಮರಳುಗಲ್ಲಿನ, ಮೊಟ್ಟೆಯಾಕಾರದ ಕಟ್ಟಡ. 1848ರ ಮಾರ್ಚ್‌ನಲ್ಲಿ ವಿಯೆನ್ನಾ, ಬರ್ಲಿನ್ ಸೇರಿ ಊರೂರಲ್ಲಿ ಜನ ಬೀದಿಗಿಳಿದ ಮೇಲೆ ಅರಸರು ಹೆದರಿ ಚುನಾವಣೆಗೆ ಒಪ್ಪಿದರು. ಜರ್ಮನಿ ಆಗ ಹಂಚಿಹೋಗಿದ್ದ ಮೂವತ್ತೊಂಬತ್ತು ಸಂಸ್ಥಾನಗಳ ಜನ ಆರಿಸಿ ಕಳಿಸಿದ ಪ್ರತಿನಿಧಿಗಳು ಮೇ 18ರಂದು ಕಪ್ಪು-ಕೆಂಪು-ಬಂಗಾರ ಬಣ್ಣದ ಬಾವುಟಗಳ ನಡುವೆ ನಡೆದು ಇದರ ಒಳಗೆ ಬಂದರು. ಎಲ್ಲರೂ ಹಿಡಿಸುವಷ್ಟು ದೊಡ್ಡ ಸಭಾಂಗಣ ಊರಲ್ಲಿ ಇದೊಂದೇ ಇತ್ತಂತೆ.

ಕೆಳಗಿನ ಪಡಸಾಲೆ ತಗ್ಗು, ಮಬ್ಬು. ನಡುವಿನ ದುಂಡು ಗೋಡೆಯ ಸುತ್ತ ಯೊಹಾನ್ಸ್ ಗ್ರ್ಯುಟ್ಸ್‌ಕೆ ಬರೆದ ಮೂವತ್ತಮೂರು ಮೀಟರ್ ಉದ್ದದ ಚಿತ್ರವಿದೆ. ಕಪ್ಪು ಕೋಟಿನ ಪ್ರತಿನಿಧಿಗಳು ಸಾಲುಗಟ್ಟಿ ನಡೆಯುತ್ತಲೇ ಇದ್ದಾರೆ. ದುಂಡು ಗೋಡೆಯಾದ್ದರಿಂದ ಸಾಲಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ನಾನು ಎರಡು ಸುತ್ತು ಬಂದೆ. ಅಲ್ಲಿಂದ ಮೆಟ್ಟಿಲು ಹತ್ತಿ ಮೇಲಿನ ಸಭಾಂಗಣಕ್ಕೆ ಕಾಲಿಟ್ಟರೆ ಒಮ್ಮೆಲೇ ಬೆಳಕು: ಬಿಳಿ ಗೋಡೆ, ಉದ್ದನೆಯ ಕಿಟಕಿಗಳು, ಸಾಲು ಕುರ್ಚಿ, ಬೇರೇನೂ ಇಲ್ಲ. 1944ರ ಮಾರ್ಚ್‌ನ ಬಾಂಬ್ ದಾಳಿಯಲ್ಲಿ ಚರ್ಚು ಸುಟ್ಟು ಗೋಡೆಗಳಷ್ಟೇ ಉಳಿದಿದ್ದವು. ಇಡೀ ಊರು ಕಲ್ಲುಮಣ್ಣಿನ ಗುಡ್ಡೆಯಾಗಿದ್ದಾಗಲೂ ಜನ ಇದನ್ನು ಮೊದಲು ಕಟ್ಟಿಕೊಂಡರು. ಸರಿಯಾಗಿ ನೂರು ವರ್ಷಕ್ಕೆ, 1948ರ ಮೇ 18ರಂದು, ಬಾಗಿಲು ತೆರೆಯಿತು. ವಾಸ್ತುಶಿಲ್ಪಿ ರುಡಾಲ್ಫ್ ಶ್ವಾರ್ಟ್ಸ್ ಬೇಕೆಂದೇ ಅಲಂಕಾರ ಬಿಟ್ಟರು. ಇಲ್ಲಿ ಕೂತವರ ಕಣ್ಣು ಮಾತಾಡುವವರ ಮೇಲಲ್ಲದೆ ಇನ್ನೆಲ್ಲಿಗೂ ಹರಿಯುವುದಿಲ್ಲ.

ಅವರು ಬರೀ ಮಾತಾಡಿ ಎದ್ದು ಹೋಗಲಿಲ್ಲ ಎಂಬುದನ್ನು ನಾನು ತಡವಾಗಿ ತಿಳಿದೆ. 1848ರ ಡಿಸೆಂಬರ್‌ನಲ್ಲಿ ಮೂಲಭೂತ ಹಕ್ಕುಗಳ ಕಾನೂನು ಹೊರಬಂತು. ಕಾನೂನಿನ ಮುಂದೆ ಎಲ್ಲರೂ ಸಮಾನರು. ಪತ್ರಿಕೆಗೆ ಸೆನ್ಸಾರ್ ಇಲ್ಲ. ಟಪಾಲಿನ ಪತ್ರ ಒಡೆಯುವಂತಿಲ್ಲ. ಛಡಿ ಏಟು, ಮೈಮೇಲೆ ಬರೆ ಎಳೆಯುವ ಶಿಕ್ಷೆ ರದ್ದು. ಯುದ್ಧಕಾಲದಂಥ ಕೆಲವು ಸಂದರ್ಭ ಬಿಟ್ಟರೆ ಮರಣದಂಡನೆಯೂ ರದ್ದು. 1849ರ ಮಾರ್ಚ್ 28ರಂದು ಸಂವಿಧಾನಕ್ಕೆ ಸಹಿ ಬಿತ್ತು. ಅದೇ ದಿನ 290 ಮತಗಳಿಂದ ಪ್ರಷ್ಯದ ದೊರೆ ನಾಲ್ಕನೇ ಫ್ರೆಡರಿಕ್ ವಿಲಿಯಂನನ್ನು ಚಕ್ರವರ್ತಿಯಾಗಿ ಆರಿಸಿದರು. 248 ಮಂದಿ ಮತ ಹಾಕದೆ ಉಳಿದರು. ನಿಯೋಗ ಕಿರೀಟದ ಆಹ್ವಾನ ಹೊತ್ತು ಬರ್ಲಿನ್ನಿಗೆ ಹೋಯಿತು. ದೊರೆ ಒಲ್ಲೆನೆಂದ. ಅವನ ಕಿರೀಟ ದೇವರು ಕೊಟ್ಟದ್ದು. ಅಂಗಡಿಕಾರರು, ಪ್ರೊಫೆಸರರು ಮತ ಹಾಕಿ ಕೊಡುವ ಕಿರೀಟದಿಂದ ಅವನ ಮೂಗಿಗೆ ಕ್ರಾಂತಿಯ ವಾಸನೆ ಬಡಿಯುತ್ತಿತ್ತು. ಆ ಒಂದು ‘ಒಲ್ಲೆ’ಯನ್ನೇ ನಾನು ‘ವಿಫಲವಾಯಿತು’ ಎಂದು ಬರೆಸಿದ್ದೆ. ಕೊಟ್ಟವರು ಸೋತರೋ, ಒಲ್ಲೆನೆಂದವನು ಸೋತನೋ ಎಂದು ಮಕ್ಕಳನ್ನು ಕೇಳಬೇಕಿತ್ತು.

ಹೆಂಗಸರು ಗ್ಯಾಲರಿಯಲ್ಲಿ ಕೂತು ಕೇಳಬಹುದಿತ್ತು, ಮತ ಹಾಕುವಂತಿರಲಿಲ್ಲ. ಮೇಲೆ ಗ್ಯಾಲರಿ ಎಲ್ಲಿದ್ದೀತು ಎಂದು ತಲೆಯೆತ್ತಿ ಹುಡುಕಿದೆ. ಹೊಸ ಕಟ್ಟಡದಲ್ಲಿ ಅದು ಉಳಿದಿಲ್ಲ.

ಜರ್ಮನ್ ಪುಸ್ತಕೋದ್ಯಮದ ಶಾಂತಿ ಪ್ರಶಸ್ತಿಯನ್ನು ಪ್ರತಿ ವರ್ಷ ಇಲ್ಲಿಯೇ ಕೊಡುತ್ತಾರೆ. 1961ರಲ್ಲಿ ಅದನ್ನು ಪಡೆದವರು ಸರ್ವೆಪಲ್ಲಿ ರಾಧಾಕೃಷ್ಣನ್. ಮೈಸೂರು ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿ, ಊರು ಬಿಡುವಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ತಾವೇ ಗಾಡಿ ಎಳೆದು ರೈಲ್ವೆ ಸ್ಟೇಷನ್ನಿಗೆ ಮುಟ್ಟಿಸಿದ ಅದೇ ಮೇಷ್ಟ್ರು ಈ ಬಿಳಿ ಗೋಡೆಗಳ ನಡುವೆ ನಿಂತಿದ್ದರು. ಪರದೇಶದಲ್ಲಿ ನಮ್ಮೂರಿನವರು ಯಾರೋ ಸಿಕ್ಕಂತಾಯಿತು.

ಎರಡನೇ ದಿನ: ಹಾಂಬಾಖ್

ಮಾನ್‌ಹೈಮ್‌ನಲ್ಲಿ ರೈಲು ಬದಲಿಸಿ ನಾಯ್‌ಸ್ಟಾಟ್, ಅಲ್ಲಿಂದ ಬಸ್ಸು. ದಾರಿಯ ಎರಡೂ ಕಡೆ ದ್ರಾಕ್ಷಿ ತೋಟ, ಎದುರಿಗೆ ಕಾಡು ಹೊದ್ದ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಕೋಟೆಮನೆ.

ಪೌಲ್ಸ್‌ಕಿರ್ಖೆಯ ಸಭೆಗೆ ಹದಿನಾರು ವರ್ಷ ಮೊದಲು, 1832ರ ಮೇ 27ರಂದು, ಈ ಗುಡ್ಡ ಹತ್ತಿದವರು ಇಪ್ಪತ್ತರಿಂದ ಮೂವತ್ತು ಸಾವಿರ ಜನ. ಫಾಲ್ಟ್ಸ್ ಎಂಬ ಈ ಪ್ರಾಂತ್ಯ ಫ್ರೆಂಚರ ಕೈಯಲ್ಲಿದ್ದಾಗ ಜ್ಯೂರಿ ಪದ್ಧತಿಯ ರುಚಿ ಕಂಡಿತ್ತು, ಜಮೀನ್ದಾರಿ ಬಿಟ್ಟಿಚಾಕರಿಯ ಕಾಟ ಕಳೆದುಕೊಂಡಿತ್ತು. 1816ರಲ್ಲಿ ಬವೇರಿಯಾದ ಪಾಲಾಯಿತು. ತೆರಿಗೆ ಏರಿತು. ನೆರೆಯ ಸಂಸ್ಥಾನಕ್ಕೆ ವೈನ್ ಮಾರಲು ಹೋದರೆ ಗಡಿಗಡಿಗೂ ಸುಂಕದ ಕಟ್ಟೆ. ದ್ರಾಕ್ಷಿ ಬೆಳೆಗಾರರು ‘ದ್ರಾಕ್ಷಿ ರೈತರಿಗೆ ಅಳುವುದೇ ಗತಿ’ ಎಂಬ ಅರ್ಥದ ಮಾತು ಬರೆದ ಕಪ್ಪು ಬಾವುಟ ಹಿಡಿದು ಬಂದಿದ್ದರು. ರಾಷ್ಟ್ರವಾದ ಎಂದೊಡನೆ ನಾವು ಕವಿಗಳನ್ನೂ ತತ್ವಜ್ಞಾನಿಗಳನ್ನೂ ನೆನೆಯುತ್ತೇವೆ. ಇಲ್ಲಿ ಅದಕ್ಕೆ ಬಲ ಬಂದದ್ದು ಸುಂಕದ ಕಟ್ಟೆಯ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾದ ರೈತನಿಂದ. ಒಂದು ದೇಶವಾದರೆ ಆ ಕಟ್ಟೆ ಹೋದೀತು ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ.

ಕರೆ ಕೊಟ್ಟವರು ಇಬ್ಬರು ಪತ್ರಕರ್ತರು, ಜೀಬನ್‌ಫೈಫರ್ ಮತ್ತು ವಿರ್ಟ್. ಸಭೆಗೆ ನೇರ ಅನುಮತಿ ಸಿಗುವಂತಿರಲಿಲ್ಲ, ಹಬ್ಬ ಎಂದರು. ಆಮಂತ್ರಣದಲ್ಲಿ ಹೆಂಗಸರನ್ನೂ ಕರೆದರು. ಯೂರೋಪಿನ ವ್ಯವಸ್ಥೆಯಲ್ಲಿ ಅವರನ್ನು ರಾಜಕೀಯವಾಗಿ ಕಡೆಗಣಿಸಿರುವುದು ಒಂದು ತಪ್ಪು, ಒಂದು ಕಳಂಕ ಎಂದು ಅಚ್ಚು ಹಾಕಿಸಿದರು. 1832ರಲ್ಲಿ! ಮಗಳಿಗೆ ಆ ಸಾಲನ್ನು ಮೂರು ಸಲ ಓದಿಸಿದೆ.

ಒಳಗೆ ಗಾಜಿನ ಹಿಂದೆ, ಕಡಿಮೆ ಬೆಳಕಿನಲ್ಲಿ, ಅಂದು ಹಾರಿಸಿದ ಬಾವುಟವಿದೆ. ಊರಿನ ಯೊಹಾನ್ ಫಿಲಿಪ್ ಅಬ್ರೆಶ್ ಹೊತ್ತು ಮೆರವಣಿಗೆಯಲ್ಲಿ ಹತ್ತಿಸಿದ್ದು. ಕಪ್ಪು, ಕೆಂಪು, ಬಂಗಾರ, ಮೂರೂ ಬಣ್ಣ ಮಾಸಿವೆ. ಕೆಂಪು ಪಟ್ಟಿಯ ಮೇಲೆ ‘ಜರ್ಮನಿಯ ಪುನರ್ಜನ್ಮ’ ಎಂಬ ಅಕ್ಷರ. ಧಾರವಾಡದ ಹತ್ತಿರ ಗರಗದಲ್ಲಿ ತ್ರಿವರ್ಣ ಧ್ವಜದ ಖಾದಿ ನೇಯುವುದನ್ನು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದವಳು ನಾನು. ಬಟ್ಟೆ ಕಂಡರೆ ನೂಲು ನೋಡುವ ಅಭ್ಯಾಸ. ಗಾಜಿಗೆ ಮುಖ ಹತ್ತಿಸಿ ನೋಡಿದೆ. ಹಳತಾದ ಮನೆಯ ಸೀರೆಯ ಹಾಗೆ ಮಡಿಕೆ ಮಡಿಕೆಯಲ್ಲಿ ಸವೆದಿದೆ. ದೊಡ್ಡ ಮಾತು ಬರೆದ ಬಟ್ಟೆಯೂ ಕೊನೆಗೆ ಬಟ್ಟೆಯೇ. ಅದನ್ನು ಹೊಲಿದವರು ಯಾರಿರಬಹುದು ಎನ್ನುವುದೇ ಬಸ್ಸಿನವರೆಗೂ ತಲೆಯಲ್ಲಿತ್ತು.

ಇನ್ನೊಂದು ಬಾವುಟವನ್ನೂ ಅಂದು ಇಲ್ಲಿ ಹಾರಿಸಿದ್ದರು, ಪೋಲೆಂಡಿನದು. ರಷ್ಯದ ಝಾರ್ ವಿರುದ್ಧ ದಂಗೆಯೆದ್ದು ಸೋತ ಪೋಲರು ಪಶ್ಚಿಮಕ್ಕೆ ಓಡಿಬರುತ್ತಿದ್ದ ಕಾಲ. ಹಾಂಬಾಖಿನ ಜನ ಅವರನ್ನು ತೋಳು ಚಾಚಿ ಬರಮಾಡಿಕೊಂಡರು. ವಿರ್ಟ್ ಭಾಷಣ ಮುಗಿಸಿದ್ದು ‘ಒಕ್ಕೂಟಗೊಂಡ ಗಣರಾಜ್ಯಗಳ ಯೂರೋಪಿಗೆ’ ಜಯಕಾರ ಹಾಕಿ. ಆದರೆ ಅದೇ ಭಾಷಣದಲ್ಲಿ ರೈನ್ ನದಿಯ ಎಡದಂಡೆಯ ಮೇಲೆ ಫ್ರಾನ್ಸ್ ಕಣ್ಣು ಹಾಕಬಾರದೆಂದು ಎಚ್ಚರಿಕೆಯನ್ನೂ ಕೊಟ್ಟ. ಅತಿಥಿಗಳಾಗಿ ಬಂದ ಫ್ರೆಂಚರು ಮುಖ ಗಂಟಿಕ್ಕಿದರು. ಸ್ವಾತಂತ್ರ್ಯದ ಮಾತೂ ಗಡಿಯ ಮಾತೂ ಒಂದೇ ಬಾಯಿಂದ, ಒಂದೇ ಮಧ್ಯಾಹ್ನ ಬಂದವು. ಇದನ್ನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಟ್ಟುಕೊಂಡೆ.

ಇಳಿಯುವ ದಾರಿಯಲ್ಲಿ ಬೆಂಚಿನ ಮೇಲೆ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಕನ್ನಡದಲ್ಲಿ ಜರ್ಮನಿಯದಕ್ಕೂ ‘ಏಕೀಕರಣ’, ನಮ್ಮದಕ್ಕೂ ‘ಏಕೀಕರಣ’. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದ ಕನ್ನಡಿಗರು 1956ರ ನವೆಂಬರ್ 1ರಂದು ಒಂದಾದದ್ದು ಅರ್ಜಿ, ಸಭೆ, ಉಪವಾಸ, ಆಯೋಗ, ಶಾಸನದ ದಾರಿಯಲ್ಲಿ. ಭಾಷಣಗಳಿಂದ, ಬಹುಮತದ ನಿರ್ಣಯಗಳಿಂದ. ಬಿಸ್ಮಾರ್ಕ್ ಆಗುವುದಿಲ್ಲವೆಂದ ಕೆಲಸ ನಮ್ಮ ಊರಿನಲ್ಲಿ ಆಗಿದೆ. ಇದನ್ನು ಮಗಳಿಗೆ ಹೇಳಿದೆ. ಅವಳು ರೊಟ್ಟಿ ಮುರಿಯುತ್ತ, “ಇದನ್ನ ಸಾಲಿಯೊಳಗ ಯಾಕ ಹೇಳಲಿಲ್ಲವ್ವಾ?” ಎಂದಳು. ಅವಳೂ ನನ್ನ ಕ್ಲಾಸಿನಲ್ಲೇ ಕೂತು ಕಲಿತವಳು. ಉತ್ತರ ನನ್ನ ಬಳಿ ಇರಲಿಲ್ಲ.

ಮೂರನೇ ದಿನ: ರಾಸ್ಟಾಟ್

ದೊರೆ ಕಿರೀಟ ಒಲ್ಲೆನೆಂದ ಮೇಲೂ ಇಪ್ಪತ್ತೆಂಟು ಸಂಸ್ಥಾನಗಳು ಸಂವಿಧಾನವನ್ನು ಒಪ್ಪಿದ್ದವು. ಒಪ್ಪದ ಅರಸರ ವಿರುದ್ಧ, ಒಪ್ಪಿದ ಸಂವಿಧಾನ ಉಳಿಸಿಕೊಳ್ಳಲು 1849ರ ಮೇ ತಿಂಗಳಲ್ಲಿ ಜನ ಮತ್ತೆ ಎದ್ದರು. ನೈಋತ್ಯದ ಬಾಡೆನ್ ಸಂಸ್ಥಾನದಲ್ಲಿ ಸೈನಿಕರೇ ಜನರ ಕಡೆ ಬಂದರು. ರಾಸ್ಟಾಟ್ ಕೋಟೆ ಅವರ ಕೊನೆಯ ನೆಲೆ.

ಊರಿನ ನಡುವಿನ ಅರಮನೆಯಲ್ಲಿ ಜರ್ಮನ್ ಸ್ವಾತಂತ್ರ್ಯ ಚಳವಳಿಗಳ ಸ್ಮಾರಕ ಸಂಗ್ರಹಾಲಯವಿದೆ. 1974ರಲ್ಲಿ ತೆರೆದವರು ಅಂದಿನ ರಾಷ್ಟ್ರಾಧ್ಯಕ್ಷ ಗುಸ್ಟಾವ್ ಹೈನೆಮನ್. ಸೋತವರ ಚರಿತ್ರೆಗೂ ಸರ್ಕಾರಿ ಮನೆಯೊಂದು ಬೇಕೆಂದು ಹಠ ಹಿಡಿದು ಕಟ್ಟಿಸಿದರು.

1849ರ ಜುಲೈ 23ರಂದು ಕೋಟೆ ಶರಣಾಯಿತು. ಸುಮಾರು ಆರು ಸಾವಿರ ಮಂದಿಯನ್ನು ಕೋಟೆಗೋಡೆಯೊಳಗಿನ ಕತ್ತಲೆ ಕಮಾನುಕೋಣೆಗಳಲ್ಲಿ ತುಂಬಿದರು. ಟೈಫಸ್ ಜ್ವರ ಹರಡಿತು. ಹತ್ತೊಂಬತ್ತು ಜನರನ್ನು ಗುಂಡಿಟ್ಟು ಕೊಂದರು. ಅವರಲ್ಲಿ ಎರ್ನ್‌ಸ್ಟ್ ಎಲ್ಸೆನ್‌ಹಾನ್ಸ್ ಬಂದೂಕು ಹಿಡಿದವನಲ್ಲ. ಮುತ್ತಿಗೆಯೊಳಗೆ ಕೋಟೆಯ ಪತ್ರಿಕೆ ನಡೆಸಿದವನು. ಪತ್ರಿಕೆ ಬರೆದದ್ದಕ್ಕೆ ಗುಂಡು. ಅಂದು ಪ್ರಷ್ಯನ್ ಪಡೆ ನಡೆಸಿದ ರಾಜಕುಮಾರ ವಿಲಿಯಂ, ಇಪ್ಪತ್ತೆರಡು ವರ್ಷ ಕಳೆದು ವರ್ಸೇಲ್ಸ್‌ನಲ್ಲಿ ಚಕ್ರವರ್ತಿಯಾದ. ನನ್ನ ಕರಿಹಲಗೆಯ ಮೇಲೆ ಆತ ಬರುತ್ತಿದ್ದದ್ದು ವರ್ಸೇಲ್ಸ್‌ನಿಂದ ಮಾತ್ರ. ರಾಸ್ಟಾಟಿನ ಮೂಲಕ ಬಂದಿದ್ದರೆ ಆ ಪಾಠದ ಬಣ್ಣವೇ ಬೇರೆಯಾಗುತ್ತಿತ್ತು.

ಶರಣಾಗತಿಯ ದಿನ ಇಪ್ಪತ್ತು ವರ್ಷದ ಹುಡುಗನೊಬ್ಬ, ಕಾರ್ಲ್ ಶುರ್ಟ್ಸ್, ಇಬ್ಬರು ಗೆಳೆಯರೊಂದಿಗೆ ಊರಿನ ಚರಂಡಿಯ ಸುರಂಗಕ್ಕಿಳಿದ. ಮೊದಲ ಸಲ ದಾರಿ ಸಿಗಲಿಲ್ಲ, ಮರಳಿ ಬಂದು ಅಡಗಿ ಕೂತರು. ಎರಡನೇ ಸಲ ಹೊರಬಿದ್ದು, ರೈನ್ ದಾಟಿ ಫ್ರಾನ್ಸ್ ಸೇರಿದರು. ಮರುವರ್ಷ ಕಳ್ಳದಾರಿಯಲ್ಲಿ ಹಿಂದಿರುಗಿ, ಬರ್ಲಿನ್ ಬಳಿಯ ಸ್ಪಾಂಡೌ ಜೈಲಿನಿಂದ ತನ್ನ ಗುರು ಕಿಂಕೆಲ್‌ನನ್ನು ಬಿಡಿಸಿಕೊಂಡು ಹೋದ. ಆಮೇಲೆ ಅಮೆರಿಕ. ಅಲ್ಲಿ ಸೆನೆಟರ್, 1877ರಲ್ಲಿ ಒಳಾಡಳಿತ ಕಾರ್ಯದರ್ಶಿ. ಮಥಿಲ್ಡೆ ಫ್ರಾನ್ಸಿಸ್ಕಾ ಅನ್ನೆಕೆ ಕುದುರೆಯೇರಿ ಇದೇ ದಂಡಿನಲ್ಲಿದ್ದವಳು. ಅವಳೂ ಅಟ್ಲಾಂಟಿಕ್ ದಾಟಿ ಮಿಲ್ವಾಕೀಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದಳು, ಮತದಾನದ ಹಕ್ಕಿಗಾಗಿ ಸಾಯುವವರೆಗೂ ದುಡಿದಳು. ಒಂದು ದೇಶ ತನ್ನ ಇಂಥ ಮಕ್ಕಳನ್ನು ಹೊರಗಟ್ಟಿ, ಉಳಿದವರಿಂದ ಕಟ್ಟಿಕೊಂಡ ಏಕೀಕರಣ 1871ರದ್ದು. ಆ ಕೊರತೆಯನ್ನು ಯಾವ ಲೆಕ್ಕದಲ್ಲಿ ಹಿಡಿಯುವುದು?

ನಾಲ್ಕನೇ ದಿನ: ಆಫೆನ್‌ಬುರ್ಗ್

ರೈಲು ಮುಕ್ಕಾಲು ಗಂಟೆ ತಡ. ಪ್ಲಾಟ್‌ಫಾರ್ಮಿನಲ್ಲಿ ಗಾಳಿ ಕೊರೆಯುತ್ತಿತ್ತು. ಸಿಕ್ಕ ಎರಡು ತಾಸನ್ನೂ ‘ಸಾಲ್ಮೆನ್’ ಒಂದಕ್ಕೇ ಕೊಟ್ಟೆವು.

ಸಾಲ್ಮೆನ್ ಹಿಂದೆ ಒಂದು ಖಾನಾವಳಿ. 1847ರ ಸೆಪ್ಟೆಂಬರ್ 12ರಂದು ಅದರ ಸಭಾಂಗಣದಲ್ಲಿ ಬಾಡೆನ್‌ನ ಹೋರಾಟಗಾರರಾದ ಹೆಕರ್, ಸ್ಟ್ರೂವೆ ಮೊದಲಾದವರು ಸೇರಿ ಹದಿಮೂರು ಬೇಡಿಕೆಗಳನ್ನು ಓದಿದರು. ಪತ್ರಿಕಾ ಸ್ವಾತಂತ್ರ್ಯ, ಜ್ಯೂರಿ, ಜನರಿಂದ ಆಯ್ಕೆಯಾದ ಸಭೆ. ಆದಾಯ ಹೆಚ್ಚಿದಂತೆ ಏರುವ ತೆರಿಗೆ. ವಿದ್ಯೆ ಎಲ್ಲರಿಗೂ ಸಮಾನವಾಗಿ ಎಟುಕಬೇಕು. ದುಡಿಮೆಗೂ ಬಂಡವಾಳಕ್ಕೂ ನಡುವಿನ ಏರುಪೇರು ಸರಿಯಾಗಬೇಕು. ಮೂರನೆಯ ಬೇಡಿಕೆಯನ್ನು ಮಗಳು ಹೇಳಿದಂತೆ ಕನ್ನಡದಲ್ಲಿ ಬರೆದುಕೊಂಡೆ: ‘ಮನುಷ್ಯನಿಗೂ ಅವನ ದೇವರಿಗೂ ಇರುವ ಸಂಬಂಧ ಅವನ ಅಂತರಂಗಕ್ಕೆ ಸೇರಿದ್ದು, ಅದನ್ನು ತನಗೆ ತೋಚಿದಂತೆ ನಿರ್ಣಯಿಸುವ ಹಕ್ಕು ಹೊರಗಿನ ಯಾವ ಅಧಿಕಾರಕ್ಕೂ ಇಲ್ಲ.’

ಈ ಮಾತು ಮೊಳಗಿದ ಅದೇ ಕಟ್ಟಡವನ್ನು 1875ರಲ್ಲಿ ಊರಿನ ಯಹೂದಿಗಳು ಕೊಂಡು ಸಿನಗಾಗ್ ಮಾಡಿಕೊಂಡರು. ಅವರ ಮಟ್ಟಿಗೆ ಆ ಬೇಡಿಕೆ ಅಷ್ಟಿಷ್ಟು ಈಡೇರಿದ ಕಾಲ ಅದು. ಆರು ದಶಕಗಳ ಪ್ರಾರ್ಥನೆ. 1938ರ ನವೆಂಬರ್‌ನಲ್ಲಿ ನಾಝಿಗಳು ನುಗ್ಗಿ ಒಳಗಿನದನ್ನೆಲ್ಲ ಚೂರುಚೂರು ಮಾಡಿದರು.

ಅಲ್ಲಿ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಆ ಗೋಡೆಗಳ ನಡುವೆ ನಿಂತರೆ ಆಧುನಿಕ ಚರಿತ್ರೆ ಪೂರ್ತಿ ಮೈಮೇಲೆ ಬರುತ್ತದೆ.

ಐದನೇ ದಿನ: ಮತ್ತೆ ಫ್ರಾಂಕ್‌ಫರ್ಟ್

ಮಳೆ. ಮಗಳಿಗೆ ಆಫೀಸು. ಒಬ್ಬಳೇ ಟ್ರಾಮ್ ಹಿಡಿದು ಪೌಲ್ಸ್‌ಕಿರ್ಖೆಗೆ ಇನ್ನೊಮ್ಮೆ ಹೋದೆ. ಹಾಂಬಾಖಿನಲ್ಲಿ ಗೆರೆ ಎಳೆದಿಟ್ಟ ಸಾಲು ಕಾಡುತ್ತಿತ್ತು.

1848ರ ಜುಲೈನಲ್ಲಿ ಈ ಸಭೆಯ ಮುಂದೆ ಪೋಸೆನ್ ಪ್ರಶ್ನೆ ಬಂತು. ಪ್ರಷ್ಯದ ಕೈಯಲ್ಲಿದ್ದ, ಪೋಲರೇ ಹೆಚ್ಚಿದ್ದ ಪ್ರಾಂತ್ಯ ಅದು. ರಾಬರ್ಟ್ ಬ್ಲೂಮ್ ಎಂಬ ಪ್ರತಿನಿಧಿ ಪೋಲರ ಪರ ಮಾತಾಡಿದ. ವಿಲ್ಹೆಲ್ಮ್ ಯೋರ್ಡಾನ್ ಎಂಬ ಎಡಪಂಥದ ಪ್ರತಿನಿಧಿಯೇ ಎದ್ದು, ನಮಗೆ ಬೇಕಾದದ್ದು ‘ಆರೋಗ್ಯಕರ ರಾಷ್ಟ್ರಸ್ವಾರ್ಥ’ ಎಂದ. ಸಭೆ ಭಾರಿ ಬಹುಮತದಿಂದ ಪೋಸೆನ್‌ನ ದೊಡ್ಡ ಭಾಗವನ್ನು ಜರ್ಮನಿಗೆ ಸೇರಿಸಿಕೊಂಡಿತು. ಹದಿನಾರು ವರ್ಷದ ಹಿಂದೆ ಗುಡ್ಡದ ಮೇಲೆ ಪೋಲರ ಬಾವುಟ ಹಾರಿಸಿದ ಪೀಳಿಗೆ ಅದು. ಪ್ರಾಗ್‌ನ ಚೆಕ್ ಇತಿಹಾಸಕಾರ ಪಲಾಟ್ಸ್ಕಿ ಏಪ್ರಿಲ್‌ನಲ್ಲೇ, ನಾನು ಜರ್ಮನನಲ್ಲ, ನಿಮ್ಮ ಸಭೆಗೆ ಬರಲಾರೆ ಎಂದು ಬರೆದು ಕಳಿಸಿದ್ದ.

ಇವರನ್ನು ನಾನು ಪ್ರೀತಿಸಲು ತೊಡಗಿದ್ದೆ, ಅದಕ್ಕೇ ಇದು ಚುಚ್ಚಿತು. ಹ್ಯಾಂಬರ್ಗಿನ ಗೇಬ್ರಿಯಲ್ ರೀಸ್ಸರ್, ಯಹೂದಿ, ಈ ಸಭೆಯ ಉಪಾಧ್ಯಕ್ಷನಾಗಿದ್ದ. ತನ್ನವರ ಸಮಾನತೆಗಾಗಿ ಇಲ್ಲಿಯೇ ವಾದಿಸಿ ಗೆದ್ದ. ಅದೂ ಇದೇ ಸಭೆ, ಪೋಸೆನ್ನೂ ಇದೇ ಸಭೆ. ನಮ್ಮ ನಾಡು ನಮ್ಮದಾಗಬೇಕು ಎನ್ನುವಾಗ ಎಲ್ಲರ ಹಕ್ಕೂ ಅದರಲ್ಲಿತ್ತು. ನೆರೆಯವನೂ ಅದೇ ಮಾತು ಹೇಳಿದ ದಿನ ದನಿ ಬದಲಾಯಿತು. ಬಿಸ್ಮಾರ್ಕ್ ಬರುವುದಕ್ಕೆ ಹದಿನಾಲ್ಕು ವರ್ಷ ಮೊದಲೇ ಬಿರುಕು ಬಿಟ್ಟಿತ್ತು. ಗಡಿ ಜಗಳದ ಊರುಗಳ ಹತ್ತಿರ ಬೆಳೆದ ನನಗೆ ಈ ಬಿರುಕು ಹೊಸದಲ್ಲ.

ಬ್ಲೂಮ್‌ನನ್ನು ಆ ವರ್ಷದ ನವೆಂಬರ್ 9ರಂದು ವಿಯೆನ್ನಾದಲ್ಲಿ ಗುಂಡಿಟ್ಟು ಕೊಂದರು. ಸಂಸತ್ ಸದಸ್ಯನೆಂಬ ರಕ್ಷಣೆಗೆ ಕಿಮ್ಮತ್ತು ಸಿಗಲಿಲ್ಲ.

ಆರನೇ ದಿನ: ಬರ್ಲಿನ್

ಬೆಳಗಿನ ರೈಲು, ನಾಲ್ಕು ತಾಸಿನ ದಾರಿ. ಬ್ರಾಂಡೆನ್‌ಬುರ್ಗ್ ಮಹಾದ್ವಾರದ ಮುಂದಿನ ಚೌಕಕ್ಕೆ ‘ಮಾರ್ಚ್ 18ರ ಚೌಕ’ ಎಂದು ಹೆಸರು. ಅಲ್ಲಿ ಫೋಟೋ ತೆಗೆಸಿಕೊಂಡವರಲ್ಲಿ ಆ ತಾರೀಖು ಓದಿದವರು ಕಾಣಲಿಲ್ಲ. ನಾವು ನೇರ ಫ್ರೀಡ್ರಿಶ್‌ಹೈನ್ ಉದ್ಯಾನದಲ್ಲಿರುವ, ಆ ದಿನ ಸತ್ತವರ ಸ್ಮಶಾನಕ್ಕೆ ಹೋದೆವು.

1848ರ ಮಾರ್ಚ್ 18ರಂದು ದೊರೆ ಸುಧಾರಣೆಗೆ ಒಪ್ಪಿದ್ದಾನೆಂದು ಜನ ಅರಮನೆಯ ಮುಂದೆ ಸೇರಿದ್ದರು. ಸೈನಿಕರ ಕಡೆಯಿಂದ ಎರಡು ಗುಂಡು ಹಾರಿದವು. ಯಾರಿಗೂ ತಗಲಲಿಲ್ಲ, ಆದರೆ ಮೋಸ ಎಂಬ ಕೂಗು ಊರು ತುಂಬ ಹಬ್ಬಿತು. ಗಾಡಿ, ಪೀಪಾಯಿ, ಬೀದಿಯ ಕಲ್ಲು ಒಟ್ಟಿ ಅಡ್ಡಗಟ್ಟೆ ಕಟ್ಟಿದರು. ರಾತ್ರಿಯಿಡೀ ಕಾಳಗ. ಇನ್ನೂರಕ್ಕೂ ಹೆಚ್ಚು ನಾಗರಿಕರು ಸತ್ತರು. ಮರುದಿನ ಹೆಣಗಳನ್ನು ಅರಮನೆಯ ಅಂಗಳಕ್ಕೆ ಹೊತ್ತು ತಂದು, ದೊರೆಯನ್ನು ಕರೆದು, ಅವನು ಟೋಪಿ ತೆಗೆದು ತಲೆ ಬಾಗುವ ಹಾಗೆ ಮಾಡಿದರು. ಮುಂದಿನ ವರ್ಷ ಕಿರೀಟ ಒಲ್ಲೆನೆಂದವನು ಇವನೇ. ಆ ಅಂಗಳವನ್ನು ಅವನು ಮರೆತಿರಲಾರ.

ಮಾರ್ಚ್ 22ರಂದು 183 ಶವಪೆಟ್ಟಿಗೆಗಳ ಮೆರವಣಿಗೆ ಈ ದಿಬ್ಬಕ್ಕೆ ಬಂತು. ಪ್ರೊಟೆಸ್ಟೆಂಟ್, ಕ್ಯಾಥೊಲಿಕ್, ಯಹೂದಿ ಧರ್ಮಗುರುಗಳು ಜೊತೆಯಾಗಿ ನಿಂತರು. ಆಮೇಲಿನ ವರ್ಷಗಳಲ್ಲಿ ಪ್ರತಿ ಮಾರ್ಚ್ 18ಕ್ಕೆ ಕಾರ್ಮಿಕರು ಹೂವಿನ ಚಕ್ರ ಹಿಡಿದು ಬರುತ್ತಿದ್ದರು. ಬಾಗಿಲಲ್ಲಿ ಪೊಲೀಸರು ಕತ್ತರಿ ಹಿಡಿದು ನಿಲ್ಲುತ್ತಿದ್ದರು. ರಿಬ್ಬನ್ ಮೇಲೆ ಬರೆದದ್ದು ಅವರಿಗೆ ಸೇರದಿದ್ದರೆ ಕತ್ತರಿಸಿ ಹಾಕಿ, ಹೂವನ್ನು ಮಾತ್ರ ಒಳಗೆ ಬಿಡುತ್ತಿದ್ದರು.

ಹುಲ್ಲಿನ ಅಂಗಳ, ಸುತ್ತ ಹಳೆಯ ಕಲ್ಲುಗಳು, ಕೆಲವು ಕಬ್ಬಿಣದ ಶಿಲುಬೆ. ಅರ್ಧ ಅಕ್ಷರ ಮಳೆಗೆ ಅಳಿಸಿವೆ. ಒಂದು ಕಲ್ಲಿನ ಮೇಲೆ ಹೆಸರಿಲ್ಲ. ‘ಅಪರಿಚಿತ’ ಎಂದಷ್ಟೇ ಇದೆ. ಯಾವ ಊರಿನಿಂದ ಕೆಲಸ ಹುಡುಕಿ ಬಂದಿದ್ದನೋ. ಅವನನ್ನು ಇವನು ಇಂಥವನೆಂದು ಗುರುತಿಸಲು ಯಾರೂ ಬರಲಿಲ್ಲ.

ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಈಗ ಈ ಪಾಠ ಹೇಳುವ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಅಲ್ಲಿಂದಲೇ ಫೋನು ಹಚ್ಚಿದೆ. ನಮ್ಮಲ್ಲಿ ಆಗಲೇ ಸಂಜೆ, ಶಾಲೆ ಬಿಟ್ಟಿತ್ತು.

“ಹೇಳ್ರಿ ಟೀಚರ್” ಎಂದ. “ಪೆನ್ನು ತಗೋ” ಎಂದೆ. ಮೊದಲು ಬಿಸ್ಮಾರ್ಕ್‌ನ ವಾಕ್ಯ ಪೂರ್ತಿ ಬರೆಸಿದೆ. “ಈಗ ಈ ಮೊದಲಿನ ಅರ್ಧದೊಳಗ ಯಾರಿದ್ರು ಅಂತ ಬರಕೋ” ಎಂದೆ. ಮಗಳು ಒಂದೊಂದು ಕಲ್ಲಿಗೂ ಬಾಗಿ, ಹಲಗೆಯ ಪಟ್ಟಿಯಲ್ಲೂ ನೋಡಿ ಜರ್ಮನ್‌ನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತ ಹೋದಳು, ನಾನು ಫೋನಿನಲ್ಲಿ ಹೇಳುತ್ತ ಹೋದೆ. ಬಡಗಿಯ ಕೈಕೆಳಗಿನವ. ದರ್ಜಿ. ಕಮ್ಮಾರ. ರೇಷ್ಮೆ ನೇಕಾರ. ಮನೆಗೆಲಸದವಳು. ಕೂಲಿಯವ.

“ಸಾವಕಾಶ ಹೇಳ್ರಿ ಟೀಚರ್, ಬರಕೊಳ್ಳಾಕತ್ತೇನಿ” ಎಂದ ಅವನು. ಮಗಳು ಮುಂದಿನ ಕಲ್ಲಿನ ಪಾಚಿಯನ್ನು ಕರ್ಚೀಫಿನಿಂದ ಒರೆಸುತ್ತಿದ್ದಳು.